ಶೋಕೇಸಿನಲ್ಲಿದ್ದ ಬಿಳಿ ಫಿಲ್ಟರು

ಗಲ್ಫಿನಿಂದ ಬಂದ ಸಾಮಾನಿನ ಪ್ಲಾಸ್ಟಿಕ್ ಕವರು ಹರಿಯುವುದೆಂದರೆ ಬೀಯಮ್ಮನಿಗೆ ಜೀವ ಹೋದ ಹಾಗೆ. ಮಡಂತ್ಯಾರು ಪೇಟೆಯಿಂದ ಸ್ವಲ್ಪ ಒಳಗಿರುವ ಅವರ ಮನೆಯಲ್ಲಿ ಟಿವಿ ರಿಮೋಟಿಗೂ ಕವರು, ಸೋಫಾಕ್ಕೂ ಕವರು. ಮಿಕ್ಸಿಗಂತೂ ಅವರೇ ಹೊಲಿದ ಹೂವಿನ ಅಂಗಿ! ಮಗ ನಿಝಾಮ್ ಬಿಸಿಲಲ್ಲಿ ಬೆವರು ಸುರಿಸಿ ಕಳಿಸಿದ ವಸ್ತು ಕೊಳೆಯಾಗಬಾರದು, ಅಷ್ಟೇ ಆ ತಾಯಿಯ ಆಸೆ. ನಗುವವರು ನಗಲಿ, ಅದರ ಹಿಂದೆ ಇದ್ದದ್ದು ಪ್ರೀತಿಯೇ.

ಕಳೆದ ರಜೆಯಲ್ಲಿ ನಿಝಾಮ್ ಒಂದು ವ್ಯಾಕ್ಯೂಮ್ ಕ್ಲೀನರ್ ತಂದ. ತಂದದ್ದು ಮಗಳು ಆಫ್ರಾಳಿಗಾಗಿ. ಅಂಗನವಾಡಿಗೆ ಹೋಗುವ ಆ ಪುಟ್ಟಿಗೆ ಧೂಳು ತಾಗಿದರೆ ಸಾಕು, ದಮ್ಮು ಏರುತ್ತದೆ. ಮನೆಯ ಹಾಲ್‌ನಲ್ಲಿ ಹಾಸಿದ ದಪ್ಪ ಕಾರ್ಪೆಟ್ಟಿನ ಮೇಲೆಯೇ ಅವಳ ಆಟ, ಅಲ್ಲಿಯೇ ನಿದ್ದೆ.

"ಉಮ್ಮ, ಹಿಡಿಸೂಡಿಯಲ್ಲಿ ಗುಡಿಸಿದರೆ ಧೂಳು ಮೇಲೆ ಏಳ್ತದೆ. ಇನ್ನು ಇದರಲ್ಲೇ ಎಳೆದು ತೆಗೆಯಿರಿ" ಎಂದು ಹೇಳಿ, ಒಮ್ಮೆ ಓಡಿಸಿ ತೋರಿಸಿ ಅವನು ವಿಮಾನ ಹತ್ತಿದ.

ಅಂದಿನಿಂದ ಪ್ರತಿ ಶುಕ್ರವಾರ ಬೆಳಿಗ್ಗೆ ಬೀಯಮ್ಮ ಯಾರಿಗೂ ಕೊಡದೆ ತಾವೇ ಮೆಷಿನ್ ಓಡಿಸಿದರು. ಆದರೆ ಮಗುವಿನ ದಮ್ಮು ಕಡಿಮೆಯಾಗುವ ಬದಲು ಜಾಸ್ತಿಯೇ ಆಯಿತು. ಭುಜ ಎತ್ತಿ ಎತ್ತಿ ಉಸಿರೆಳೆಯುವ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಬೀಯಮ್ಮ ಕಣ್ಣೀರು ಹಾಕುವರು.

ಸೊಸೆ ಶಹಲಾ ಕೊನೆಗೆ ಬ್ಯಾಗು ತುಂಬಿಸತೊಡಗಿದಳು.

"ಮಾಮಿ, ಬೇಸರ ಮಾಡಬೇಡಿ. ಮಗುವನ್ನು ಕರಕೊಂಡು ಬಿ.ಸಿ.ರೋಡಿಗೆ, ನನ್ನ ಉಮ್ಮನ ಮನೆಗೆ ಹೋಗ್ತೇನೆ. ಅಲ್ಲಿ ಇವಳಿಗೆ ಇಷ್ಟು ಆಗುವುದಿಲ್ಲ. ಶಾಲೆಗೂ ಅಲ್ಲಿಯೇ ಸೇರಿಸುವ ಅಂತ ಉಂಟು."

ತನ್ನ ಮನೆಯ ಗಾಳಿಯೇ ತನ್ನ ಮೊಮ್ಮಗಳಿಗೆ ಆಗುವುದಿಲ್ಲ ಎಂದರೆ ಯಾವ ಅಜ್ಜಿ ತಾನೇ ತಡೆದುಕೊಂಡಾಳು?

ಅಷ್ಟರಲ್ಲಿ ಪಕ್ಕದ ಮನೆಯ ಜಲಜಾಕ್ಷಿ ಬಂದಳು. ಆ ಊರಿನ ಆಶಾ ಕಾರ್ಯಕರ್ತೆ ಅವಳೇ. ಮಗುವಿನ ದಮ್ಮು ಹೇಗಿದೆ ಎಂದು ಆಗಾಗ ಬಂದು ವಿಚಾರಿಸುತ್ತಿದ್ದಳು.

"ಜಲಜಾ, ಎಲ್ಲ ಈ ಮೆಷಿನಿನಿಂದಲೇ ಆದದ್ದು. ನೀನೇ ಕೊಂಡುಹೋಗು. ನನಗೆ ನನ್ನ ಹಿಡಿಸೂಡಿಯೇ ಸಾಕು" ಎಂದರು ಬೀಯಮ್ಮ ಸಿಟ್ಟಿನಿಂದ.

"ನಿಲ್ಲಿ ಬೀಯಮ್ಮಕ್ಕ. ಶಹಲಾ, ಮಗುವಿಗೆ ಜಾಸ್ತಿ ಆಗುವುದು ಯಾವತ್ತು?"

"ಶುಕ್ರವಾರ ಸಂಜೆ, ಜಲಜಕ್ಕ."

"ಮೆಷಿನ್ ಹಾಕುವುದು?"

"ಶುಕ್ರವಾರ ಬೆಳಿಗ್ಗೆ..." ಶಹಲಾ ಮಾತು ಅಲ್ಲಿಗೇ ನಿಲ್ಲಿಸಿ ಅತ್ತೆಯ ಮುಖ ನೋಡಿದಳು.

"ನೋಡು, ನಾನು ಹೇಳಿದ್ದೇ ಸರಿ!" ಎಂದರು ಬೀಯಮ್ಮ.

"ಮೂಡಬಿದ್ರೆಯಲ್ಲಿ ನನ್ನ ತಂಗಿಯ ಮನೆಯಲ್ಲೂ ಇಂಥದ್ದೇ ಉಂಟು. ಅಲ್ಲಿ ಹೀಗೆ ಆಗಲಿಲ್ಲ ಮಾರಾಯ್ರೆ. ಮಗುವನ್ನು ನಮ್ಮ ಮನೆಗೆ ಕಳಿಸಿ, ಒಮ್ಮೆ ಓಡಿಸಿ ನೋಡುವ."

ಆಫ್ರಾ ಆಚೆ ಮನೆಗೆ ಓಡಿದಳು. ಮೆಷಿನ್ ಗುಂಯ್ ಎಂದಿತು. ಜಲಜಾಕ್ಷಿ ತನ್ನ ಬಿಳಿ ಕರವಸ್ತ್ರ ಒದ್ದೆ ಮಾಡಿ, ಮೆಷಿನಿನ ಹಿಂದುಗಡೆ ಗಾಳಿ ಹೊರಬರುವ ಕಿಂಡಿಯ ಎದುರು ಸ್ವಲ್ಪ ದೂರದಲ್ಲಿ ಹಿಡಿದು ನಿಂತಳು. ಅರ್ಧ ಕಾರ್ಪೆಟ್ ಮುಗಿಯುವಾಗ ಬಟ್ಟೆಯ ನಡುವೆ ಬೂದಿ ಬಣ್ಣದ ಕಲೆ.

"ನೋಡಿ, ಮುಂದಿನಿಂದ ಎಳೆದ ಧೂಳು ಹಿಂದಿನಿಂದ ಪುನಃ ಮನೆಗೇ ಬರ್ತಾ ಉಂಟು."

"ಅದು ಹೇಗೆ? ಕೂದಲು, ಬಿಸ್ಕಿಟಿನ ಚೂರು ಎಲ್ಲ ಡಬ್ಬಿಯಲ್ಲಿ ಬಿದ್ದಿದೆಯಲ್ಲ?"

"ಬೊಂಡದ ಎಳನೀರಿಗೆ ಸ್ಟ್ರಾ ಹಾಕಿ ಎಳೆಯುವುದಿಲ್ಲವಾ ಬೀಯಮ್ಮಕ್ಕ? ನಾವು ಬಾಯಲ್ಲಿ ಗಾಳಿ ಎಳೆಯುವಾಗ ಸ್ಟ್ರಾದ ಒಳಗೆ ಗಾಳಿಯ ಒತ್ತಡ ಕಡಿಮೆ ಆಗ್ತದೆ, ನೀರು ಮೇಲೆ ಬರ್ತದೆ. ಇದರೊಳಗೆ ಒಂದು ಫ್ಯಾನ್ ಉಂಟು. ಅದು ಜೋರಾಗಿ ತಿರುಗಿ ಒಳಗಿನ ಗಾಳಿಯನ್ನು ಹಿಂದಕ್ಕೆ ದೂಡ್ತದೆ. ಒಳಗೆ ಒತ್ತಡ ಕಡಿಮೆ ಆದ ಕೂಡಲೇ ಹೊರಗಿನ ಗಾಳಿ ಪೈಪಿನಿಂದ ನುಗ್ತದೆ, ಧೂಳನ್ನೂ ಎಳೆದು ತರ್ತದೆ. ಆದರೆ ಒಳಗೆ ಹೋದ ಗಾಳಿ ಹೊರಗೆ ಬರಲೇಬೇಕಲ್ಲ? ದೊಡ್ಡ ಕಸ ಡಬ್ಬಿಯಲ್ಲಿ ಬೀಳ್ತದೆ. ಸಣ್ಣ ಧೂಳನ್ನು ಹಿಡಿಯಲಿಕ್ಕೆ ಫಿಲ್ಟರ್ ಬೇಕು. ಚಾ ಸೋಸುವಾಗ ಚಾ ಇಳೀತದೆ, ಹುಡಿ ಮೇಲೆ ನಿಲ್ತದೆ, ಹಾಗೆ."

ಇಷ್ಟು ಹೇಳಿ ಅವಳು ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿದಳು. ಫಿಲ್ಟರ್ ಇರಬೇಕಾದ ಜಾಗ ಖಾಲಿ.

ಬೀಯಮ್ಮ ಮೆಲ್ಲನೆ ಎದ್ದು ಶೋಕೇಸಿನ ಗಾಜು ಸರಿಸಿದರು. ಚಿನ್ನದ ಅಂಚಿನ ಚಾ ಕಪ್ಪುಗಳ ಪಕ್ಕದಲ್ಲಿ, ಪ್ಲಾಸ್ಟಿಕ್ ಕವರಿನ ಒಳಗೆ, ಮಡಿಕೆ ಮಡಿಕೆಯ ಬಿಳಿ ಫಿಲ್ಟರು ಭದ್ರವಾಗಿತ್ತು.

"ಹಾಲಿನ ಹಾಗೆ ಬೆಳ್ಳಗೆ ಇತ್ತು ಜಲಜಾ. ಧೂಳಿಗೆ ಹಾಕಿದರೆ ಹಾಳಾಗ್ತದೆ ಅಂತ ನಿಝಾಮ್ ಹೋದ ಮೇಲೆ ತೆಗೆದಿಟ್ಟೆ. ಅದು ಇಲ್ಲದೆಯೂ ಮೆಷಿನ್ ಓಡ್ತಿತ್ತು..." ಅವರು ಫಿಲ್ಟರನ್ನು ಕೈಗೆತ್ತಿಕೊಂಡರು. "ಹಾಗಾದರೆ ನನ್ನ ಮಗುವಿಗೆ ನಾನೇ ಧೂಳು ಕುಡಿಸಿದೆನಾ?"

ಯಾರೂ ನಗಲಿಲ್ಲ. ಶಹಲಾ ಹತ್ತಿರ ಬಂದು ಅತ್ತೆಯ ಕೈ ಹಿಡಿದುಕೊಂಡಳು.

"ಗೊತ್ತಿಲ್ಲದೆ ಆದದ್ದು ಮಾಮಿ. ಅಳಬೇಡಿ."

ಕವರು ಹರಿದದ್ದು ಬೀಯಮ್ಮನೇ. ಫಿಲ್ಟರು ಕೂರಿಸಿ ಉಳಿದ ಅರ್ಧ ಕಾರ್ಪೆಟ್ ಎಳೆದರು. ಕರವಸ್ತ್ರದ ಇನ್ನೊಂದು ಮಗ್ಗುಲನ್ನು ಕಿಂಡಿಗೆ ಹಿಡಿದರೆ ಕಲೆಯೇ ಇಲ್ಲ.

"ಆದರೆ ಒಂದು ಮಾತು," ಎಂದಳು ಜಲಜಾಕ್ಷಿ. "ಇದು ಮದ್ದಲ್ಲ. ಡಾಕ್ಟರು ಕೊಟ್ಟ ಇನ್‌ಹೇಲರ್ ನಿಲ್ಲಿಸಬಾರದು. ಕ್ಲೀನ್ ಮಾಡುವಾಗ ಕಿಟಕಿ ತೆರೆದಿಡಿ, ಮಗು ಹೊರಗಿರಲಿ. ಫಿಲ್ಟರ್ ಕಟ್ಟಿಕೊಂಡರೆ ಮೆಷಿನ್ ಎಳೆಯುವುದಿಲ್ಲ, ಆಗಾಗ ತೆಗೆದು ನೋಡಿ."

ಶಹಲಾ ಬ್ಯಾಗನ್ನು ಬೀರುವಿನ ಮೇಲಿಡಲಿಲ್ಲ, ಹೊರಗೂ ಒಯ್ಯಲಿಲ್ಲ. "ಸ್ವಲ್ಪ ದಿನ ನೋಡುವ ಮಾಮಿ" ಎಂದಳು.

ಮುಂದಿನ ಶುಕ್ರವಾರ ಸಂಜೆ ಬೀಯಮ್ಮ ಟಿವಿ ಹಾಕದೆ ಮಗುವಿನ ಉಸಿರಿಗೆ ಕಿವಿಗೊಟ್ಟು ಕುಳಿತರು. ಸಣ್ಣ ಕೆಮ್ಮು ಬಂತು, ಹೋಯಿತು. ದಮ್ಮು ಏರಲಿಲ್ಲ. ಅದರ ಮುಂದಿನ ವಾರ ಆಫ್ರಾ ಆಡುತ್ತಾ ಆಡುತ್ತಾ ಹಾಗೆಯೇ ನಿದ್ದೆ ಹೋದಳು. ಅಂದು ಶಹಲಾ ಬ್ಯಾಗಿನ ಬಟ್ಟೆಗಳನ್ನು ಒಂದೊಂದಾಗಿ ಕಪಾಟಿಗೆ ಜೋಡಿಸಿದಳು. ಬೀಯಮ್ಮ ಬಾಗಿಲಲ್ಲಿ ನಿಂತು ನೋಡಿದರು.

ಒಂದು ಬೆಳಿಗ್ಗೆ ಅವರು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಹಿತ್ತಿಲಲ್ಲಿ ಫಿಲ್ಟರು ಬಡಿಯುತ್ತಿದ್ದರು. ಮುಚ್ಚಿದ ಕಿಟಕಿಯ ಗಾಜಿಗೆ ಮೂಗು ಒತ್ತಿ ಆಫ್ರಾ ಕೂಗಿದಳು:

"ಉಮ್ಮಮ್ಮಾ, ನಿಮ್ಮ ಬಿಳಿ ಫಿಲ್ಟರ್ ಕಪ್ಪಾಯ್ತು!"

"ಆಗಲಿ ಮಗಾ," ಎಂದರು ಬೀಯಮ್ಮ, ಕಣ್ಣೊರೆಸಿಕೊಳ್ಳುತ್ತಾ. "ಅದು ಕೊಳೆಯಾಗಲಿ. ನಿನ್ನ ಎದೆ ಬೆಳ್ಳಗಿರಲಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇವತ್ತೇ ಮುಚ್ಚಳ ತೆರೆದು ನೋಡಿ. ಫಿಲ್ಟರ್ ಇಲ್ಲದೆ ಓಡಿಸಬೇಡಿ. ತೊಳೆಯಬಹುದಾದ ಫಿಲ್ಟರನ್ನು ಮಾತ್ರ ತೊಳೆಯಿರಿ, ಪೂರ್ತಿ ಒಣಗಿದ ಮೇಲೆಯೇ ಹಾಕಿ. ಹರಿದದ್ದಾದರೆ ಬದಲಿಸಿ. ಒದ್ದೆ ನೆಲಕ್ಕೆ ಈ ಮೆಷಿನ್ ಬೇಡ. ಮೆಷಿನ್ ಇಲ್ಲವೆಂದು ಚಿಂತೆಯೂ ಬೇಡ. ಕಾರ್ಪೆಟ್ ತೆಗೆದಿಟ್ಟು ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿದರೂ ಧೂಳು ಏಳುವುದಿಲ್ಲ. ಮಗುವಿಗೆ ದಮ್ಮು ಇದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಡಾಕ್ಟರಿಗೆ ತೋರಿಸಿ. ಶೋಕೇಸಿನಲ್ಲಿ ಚಾ ಕಪ್ಪು ಇರಲಿ, ಫಿಲ್ಟರು ಮೆಷಿನಿನಲ್ಲೇ ಇರಲಿ.