ಮಾತಾಡದ ಪಾಠ

ಸಂಚಾಲಕರು ಮೈಕನ್ನು ಅವಳ ಬಾಯಿಯ ಹತ್ತಿರಕ್ಕೆ ಇನ್ನಷ್ಟು ಬಗ್ಗಿಸಿ ಪಕ್ಕಕ್ಕೆ ಸರಿದು ನಿಂತರು. ಅವಳು ಪಿಸುಗುಟ್ಟಿದಳು. ಸಭಾಂಗಣದಲ್ಲಿದ್ದ ಇಂಗ್ಲಿಷ್ ಮೇಷ್ಟರುಗಳೂ ಟೀಚರುಗಳೂ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು. ಪಿಸುಮಾತಿಗೆ ಜನ ಹೀಗೆ ಕಿವಿಗೊಡುತ್ತಾರೆಂದು ಮೊದಲೇ ಗೊತ್ತಿದ್ದರೆ, ಇಷ್ಟು ವರ್ಷ ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿರಲಿಲ್ಲ ಅನ್ನಿಸಿತು ಅವಳಿಗೆ.

"ಒಂದು ತಿಂಗಳಾಯ್ತು, ನಾನು ಕ್ಲಾಸಲ್ಲಿ ಮಾತಾಡ್ತಾ ಇಲ್ಲ. ಮಕ್ಕಳೇ ಮಾತಾಡ್ತಾರೆ."

ಅಷ್ಟಕ್ಕೇ ಚಪ್ಪಾಳೆ ಬಿತ್ತು.

ಸುತ್ತಲಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವವರೆಲ್ಲ ವರ್ಷಕ್ಕೊಂದು ಶನಿವಾರ ಯಾವುದಾದರೂ ಶಾಲೆಯಲ್ಲಿ ಸೇರಿ, ತಮ್ಮ ತರಗತಿಯಲ್ಲಿ ಫಲಿಸಿದ ಉಪಾಯಗಳನ್ನು ಹಂಚಿಕೊಳ್ಳುವುದು ವಾಡಿಕೆ. ಅವಳಿಗಿಂತ ಮುಂಚೆ ಒಬ್ಬರು ಹಳೆಯ ಬಸ್ ಟಿಕೆಟ್ಟುಗಳಿಂದ ಸಂಭಾಷಣೆ ಕಲಿಸುವುದನ್ನು ತೋರಿಸಿದ್ದರು. ಇನ್ನೊಬ್ಬರು ಚೆಂಡೆಸೆದು ಕ್ರಿಯಾಪದ ಕೇಳುವ ಆಟ ಆಡಿಸಲು ಹೋಗಿ ಟ್ಯೂಬ್‌ಲೈಟಿಗೆ ಹೊಡೆದಿದ್ದರು. ಅವಳ ಉಪಾಯ ಎಲ್ಲರಿಗೂ ಹಿಡಿಸಿತು. ಅದು ಉಪಾಯವೇ ಅಲ್ಲವೆಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಗಂಟಲೊಳಗೆ ಸಣ್ಣ ಗಂಟುಗಳೆದ್ದಿವೆ, ಬಾಯಿ ಮುಚ್ಚಿಕೊಂಡಿದ್ದರೆ ಇಳಿದಾವು, ಇಲ್ಲದಿದ್ದರೆ ಏನೂ ಹೇಳಲಾರೆ ಎಂದಿದ್ದರು ಡಾಕ್ಟರು. ಮನೆ ಇಷ್ಟು ತಣ್ಣಗಿದ್ದದ್ದನ್ನು ಮದುವೆಯಾದ ಮೇಲೆ ತಾನು ಕಂಡೇ ಇಲ್ಲವೆಂದು ಗಂಡ ತಮಾಷೆ ಮಾಡಿದ್ದ. ಮಾರನೆಯ ಬೆಳಿಗ್ಗೆ ಇಬ್ಬರು ಮಕ್ಕಳನ್ನೂ ತಾನೇ ಕೂಗಿ ಎಬ್ಬಿಸಬೇಕಾಗಿ ಬಂದಾಗ ಅವನ ತಮಾಷೆ ನಿಂತಿತು. ಮನೆಯಲ್ಲೇನೋ ಚಪ್ಪಾಳೆ ತಟ್ಟಿ, ಕಣ್ಣು ಬಿಟ್ಟು, ಹೇಗೋ ಸಂಸಾರ ಸಾಗುತ್ತಿತ್ತು. ಶಾಲೆಯಲ್ಲಿ ಹೇಳುವ ಹಾಗಿರಲಿಲ್ಲ. ಅವಳದು ವರ್ಷ ವರ್ಷವೂ ನವೀಕರಿಸಬೇಕಾದ ಕೆಲಸ. ಬೇಸಿಗೆ ರಜೆಗೆ ಮುಂಚೆ ದೊಡ್ಡ ಮೇಡಂ, ಅಂದರೆ ಮುಖ್ಯೋಪಾಧ್ಯಾಯಿನಿ, ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೋದ ವರ್ಷ ಹೊಲಿಗೆ ಟೀಚರಿಗೆ ಕಿವಿ ಮಂದವಾದಾಗ, ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಳ್ಳಿ ಎಂದು ದೊಡ್ಡ ಮೇಡಂ ಬಹಳ ಮೃದುವಾಗಿ ಹೇಳಿದ್ದರು. ಆ ಸ್ವಲ್ಪ ದಿನ ಇನ್ನೂ ಮುಗಿದಿರಲಿಲ್ಲ.

ಹಾಗಾಗಿ, ಅವಳು ಕೈಸನ್ನೆಯಲ್ಲೇ ಪಾಠ ನಡೆಸುತ್ತಿದ್ದ ದಿನ ದೊಡ್ಡ ಮೇಡಂ ಕಿಟಕಿಯಲ್ಲಿ ಇಣುಕಿ ಇದೇನು ಎಂದು ಕೇಳಿದಾಗ, ಹೊಸ ವಿಧಾನ ಎಂದುಬಿಟ್ಟಿದ್ದಳು.

ಆಮೇಲೆ ಆದದ್ದೇ ಅವಳಿಗೆ ಅರ್ಥವಾಗದ್ದು. ಬೋರ್ಡಿನ ಮೇಲೆ ಕೊಡೆಯನ್ನು ತಲೆಕೆಳಗಾಗಿ ಬರೆದು ಸುಮ್ಮನೆ ನಿಂತರೆ ಸಾಕು, ಮಕ್ಕಳು ಅದು ತಪ್ಪು ಎಂದರು, ಅಲ್ಲ ದೋಣಿ ಎಂದರು, ಬಟ್ಟಲು ಎಂದರು. ತುಂಡು ತುಂಡು ಇಂಗ್ಲಿಷಿನಲ್ಲೇ ಜಗಳಕ್ಕೆ ನಿಂತರು. ವರ್ಷವೆಲ್ಲ ಬಾಯಿ ಬಿಡದಿದ್ದ ಹಿಂದಿನ ಬೆಂಚಿನವಳೊಬ್ಬಳು ಎದ್ದು ತೀರ್ಪು ಕೊಟ್ಟಳು. ಹೇಳಿದ ಸುಳ್ಳು ಹೀಗೆ ತಾನಾಗಿ ನಿಜವಾಗಿ ಕೂತರೆ ಅದನ್ನು ಏನೆಂದು ಕರೆಯಬೇಕು? ರಾತ್ರಿ ಪಾತ್ರೆ ತೊಳೆಯುವಾಗ ಎಷ್ಟೋ ಸಲ ಯೋಚಿಸಿದ್ದಳು.

ಸಭಾಂಗಣದಲ್ಲಿ ಪ್ರಶ್ನೆಗಳ ಸರದಿ ಬಂತು. ಎಲ್ಲರೂ ಬೆನ್ನ ಹಿಂದೆ ಡಿಕ್ಷನರಿ ಎಂದು ಕರೆಯುವ ಹಿರಿಯ ಮೇಷ್ಟರು ಎದ್ದರು.

"ಅಲ್ಲಮ್ಮಾ, ಮಕ್ಕಳು ತಪ್ಪು ಹೇಳಿದ್ರೆ ತಿದ್ದೋರ್ಯಾರು?"

ಇನ್ನೊಂದು ಮಗು ತಿದ್ದುತ್ತದೆ ಎಂದಳು.

"ಅದೂ ತಪ್ಪು ಹೇಳಿದ್ರೆ?"

ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಭುಜ ಕುಣಿಸಿದಳು. ಸಭೆ ನಕ್ಕಿತು. "ನೋಡಿ ಸರ್, ಈಗಲೂ ಅವರು ಉತ್ತರ ಕೊಡಲಿಲ್ಲ. ಇದೇ ವಿಧಾನ!" ಎಂದು ಸಂಚಾಲಕರು ಮೈಕಿನಲ್ಲಿ ಸಾರಿದರು. ಡಿಕ್ಷನರಿಯವರೂ ತಲೆದೂಗಿ ಏನೋ ಬರೆದುಕೊಂಡರು. ಊಟವಾದ ಮೇಲೆ, ಸಭೆ ಸೇರಿದ್ದ ಈ ಶಾಲೆಯ, ಅವಳನ್ನು ಎಂದೂ ಕಂಡಿರದ ಮಕ್ಕಳನ್ನೇ ಕೂರಿಸಿ ಪ್ರಾತ್ಯಕ್ಷಿಕೆ ಕೊಡಬೇಕೆಂದು ಅಲ್ಲೇ ತೀರ್ಮಾನವಾಯಿತು. ಅವಳನ್ನು ಯಾರೂ ಕೇಳಲಿಲ್ಲ.

ಅವಳ ಜೊತೆಗೇ ಸಭೆಗೆ ಬಂದಿದ್ದ ದೊಡ್ಡ ಮೇಡಂ ಕೈತೊಳೆಯುವಲ್ಲಿ ಅವಳನ್ನು ಪಕ್ಕಕ್ಕೆ ಕರೆದರು. ಅವಳ ಮಗನಿಗೆ ಜ್ವರವಿದ್ದ ಒಂದು ವಾರ ಅವನನ್ನು ತಮ್ಮ ಕೋಣೆಯ ಬೆಂಚಿನ ಮೇಲೆ ಮಲಗಿಸಿಕೊಂಡು ಅವಳನ್ನು ಪಾಠಕ್ಕೆ ಕಳಿಸಿದ್ದವರು ಇವರೇ. ಕೆಟ್ಟವರಾಗಿದ್ದರೆ ಸುಳ್ಳು ಹೇಳುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

"ನಿಮ್ಮನ್ನ ಖಾಯಂ ಮಾಡಿ ಅಂತ ಮೇಲಿನವರನ್ನ ಕೇಳೋಕೆ ನಂಗೊಂದು ಕಾರಣ ಬೇಕಿತ್ತು, ಕಣ್ರೀ," ಎಂದರು. "ಇವತ್ತು ಸಿಕ್ತು."

ಹೇಳಿಬಿಡೋಣ ಎಂದು ಅವಳು ಬಾಯಿ ತೆರೆದಳು. ಮೇಡಂ ಎಂಬ ಒಂದು ಮಾತು ಒಡಕು ಡಬ್ಬಿಯ ಸದ್ದಿನ ಹಾಗೆ ಹೊರಬಂತು. "ಬೇಡ ಬೇಡ, ಥ್ಯಾಂಕ್ಸ್ ಎಲ್ಲ ಹೇಳ್ಬೇಡಿ. ಅಳು ಬೇರೆ ಬರ್ತಿದೆ ನಿಮಗೆ," ಎಂದು ಅವರು ಬೆನ್ನು ತಟ್ಟಿ ಹೊರಟೇಹೋದರು.

ಆಟದ ಮೈದಾನದಿಂದ ಮಕ್ಕಳನ್ನು ಎಳೆದು ತಂದಿದ್ದರು. ಬೆವರಿದ ಹಣೆ, ಮಣ್ಣಾದ ಮೊಣಕಾಲು. ಅವರು ಬೆಂಚುಗಳಲ್ಲಿ ಕೂತರು. ಹಿಂದೆ ಗೋಡೆಯುದ್ದಕ್ಕೂ ಮೇಷ್ಟರುಗಳು ಪೆನ್ನು ಬಿಚ್ಚಿ ಕೂತರು. ಅವಳು ಬೋರ್ಡಿನ ಮೇಲೆ ತಲೆಕೆಳಗಾದ ಕೊಡೆ ಬರೆದು, ಸೀಮೆಸುಣ್ಣ ಇಟ್ಟು, ಮಕ್ಕಳತ್ತ ತಿರುಗಿದಳು.

ಯಾರೂ ಮಾತಾಡಲಿಲ್ಲ.

ಕೊಡೆಯ ಹಿಡಿಗೆ ಒಂದು ಮೀನು ನೇತುಹಾಕಿದಳು. ಮಕ್ಕಳು ಮೀನನ್ನು ನೋಡಿದರು, ಅವಳನ್ನು ನೋಡಿದರು, ಬೈಯುವುದು ಯಾವಾಗ ಶುರುವಾಗುತ್ತದೋ ಎಂಬಂತೆ ಕೈಕಟ್ಟಿ ಕೂತರು. ಫ್ಯಾನು ಕಟಕಟ ಎನ್ನುತ್ತಿತ್ತು. ಅದೇ ಕೊಡೆ, ಅದೇ ಮೌನ. ಮತ್ತೆ ತನ್ನ ಕ್ಲಾಸಿನ ಮಕ್ಕಳು ಯಾಕೆ ಮಾತಾಡಿದ್ದರು? ಈಚೆಗೆ ದಿನವೂ ತನ್ನ ಮೇಜಿನ ಮೇಲೆ ಬಿಸಿನೀರಿನ ಫ್ಲಾಸ್ಕು ಇರುತ್ತಿತ್ತಲ್ಲ, ಅದನ್ನು ಆಯಾ ಇಡುತ್ತಾಳೆಂದುಕೊಂಡು ಕುಡಿದಿದ್ದಳು. ಆಯಾ ಇಟ್ಟದ್ದನ್ನು ಒಂದು ದಿನವಾದರೂ ಕಂಡಿದ್ದಳೇ? ಹಾಗಾದರೆ ಆ ಮಕ್ಕಳಿಗೆ ಗೊತ್ತಿತ್ತೇ? ಅವಳ ಕೈ ತಾನಾಗಿಯೇ ಗಂಟಲಿಗೆ ಹೋಯಿತು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. ಒಂದು ಕಾಲಿನ ಷೂ ದಾರ ಬಿಚ್ಚಿತ್ತು.

"ಟೀಚರ್, ಯುವರ್ ಥ್ರೋಟ್ ಪೇನ್?"

ಹಿಂದಿನ ಸಾಲಿನಿಂದ ಚಪ್ಪಾಳೆ ಸಿಡಿಯಿತು. ಹೇಳಿಕೊಡದೆ ಬಂದ ಪ್ರಶ್ನೆ, ಗಮನಿಸಿ ಎಂದು ಸಂಚಾಲಕರು ಪಕ್ಕದವರಿಗೆ ಹೇಳಿದ್ದು ಕೇಳಿಸಿತು. ಹುಡುಗಿ ಚಪ್ಪಾಳೆಯ ಕಡೆ ತಿರುಗಲೂ ಇಲ್ಲ. ಕೇಳಿದ್ದಕ್ಕೆ ಉತ್ತರ ಬರಲಿ ಎಂದು ನಿಂತೇ ಇದ್ದಳು.

ಇಲ್ಲವೆಂದು ತಲೆಯಾಡಿಸಿದ್ದರೆ ಆಗುತ್ತಿತ್ತು. ಕೊಡೆಯನ್ನು ತೋರಿಸಿದ್ದರೂ ಆಗುತ್ತಿತ್ತು. ಆ ಮಗುವಿನ ಮುಖ ನೋಡುತ್ತ ಅವಳು ಹೌದೆಂದು ತಲೆಯಾಡಿಸಿದಳು.

ಬೆಂಚುಗಳಲ್ಲಿ ಗುಜುಗುಜು ಎದ್ದಿತು. ಯಾವಾಗಿನಿಂದ ಎಂದು ಒಬ್ಬ ಅರೆಬರೆ ಇಂಗ್ಲಿಷಿನಲ್ಲಿ ಕೇಳಿದ. ಅವಳು ಬೋರ್ಡಿಗೆ ತಿರುಗಿ ಒಂದು ತಿಂಗಳು ಎಂದು ಇಂಗ್ಲಿಷಿನಲ್ಲಿ ಬರೆದಳು. ಹಿಂದೆ ಕೂತವರೆಲ್ಲ ಅದನ್ನು ಬರೆದುಕೊಂಡರು. ಡಾಕ್ಟರ್ ಏನಂದರು ಎಂದು ಇನ್ನೊಂದು ಹುಡುಗಿ. ಮಾತಾಡಬಾರದು, ಎಂದು ಬರೆದಳು. ಅದನ್ನೂ ಬರೆದುಕೊಂಡರು. ಎಂಥ ಸಹಜ ಸಂವಾದ ಎಂದು ಯಾರೋ ಉದ್ಗರಿಸಿದರು. ಮಕ್ಕಳು ಈಗ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಿದ್ದರು. ಒಬ್ಬಳು ತನ್ನ ನೀರಿನ ಬಾಟಲಿಯನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿ ಮುಂದಕ್ಕೆ ಕಳಿಸುತ್ತಿದ್ದಳು.

ಸರಿಯಾಗಿಬಿಡುತ್ತಾ ಎಂದು ಕೊನೆಯ ಬೆಂಚಿನಿಂದ ಯಾರೋ ಕೇಳಿದರು. ಸೀಮೆಸುಣ್ಣ ಬೋರ್ಡಿಗೆ ತಾಗಿಯೇ ಇತ್ತು, ಮುಂದೆ ಸರಿಯಲಿಲ್ಲ. ಅವಳು ತಿರುಗಿದಳು. ಹತ್ತಾರು ಕೈಗಳು ಮೇಲೆದ್ದಿದ್ದವು. ಅವುಗಳ ಹಿಂದೆ, ಗೋಡೆಯ ಸಾಲಿನಲ್ಲಿ ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿರುವಾಗ, ದೊಡ್ಡ ಮೇಡಂ ಒಬ್ಬರೇ ಪೆನ್ನಿಗೆ ಮುಚ್ಚಳ ಹಾಕಿ, ಮಕ್ಕಳ ಹಾಗೆಯೇ ಕೈ ಎತ್ತಿಕೊಂಡು ಕೂತಿದ್ದರು.