ಕೆಂಪು ಪೆನ್ನಿನ ಮತಗಟ್ಟೆ

ನಮ್ಮ ಬೀದಿಯ ಮತಗಟ್ಟೆಯಷ್ಟು ಸ್ನೇಹದ ಜಾಗ ಬೇರೆಲ್ಲೂ ಇರಲಾರದು. ಮತಗಟ್ಟೆ ಇರುವ ವಾಚನಾಲಯದ ಬಾಗಿಲಲ್ಲೇ ಕುಶಲ ವಿಚಾರಿಸುತ್ತಾರೆ, ಮಂಡಿನೋವಿನವರಿಗೆ ಕುರ್ಚಿ ಎಳೆದುಕೊಡುತ್ತಾರೆ, ಬಾಯಾರಿದರೆ ನೀರು ಕೊಡುತ್ತಾರೆ. ಗುಟ್ಟೊಂದನ್ನು ಬಿಟ್ಟು ಅಲ್ಲಿ ಎಲ್ಲವೂ ಸಿಗುತ್ತದೆ.

ನನಗೆ ಬೇಕಾಗಿದ್ದುದು ಅದೊಂದೇ. ಬೀದಿ ಸಮಿತಿಗೆ ನಿಂತಿದ್ದವರು ಇಬ್ಬರು: ಬೇಕರಿಯಕ್ಕ ಮತ್ತು ನನ್ನ ಹೆಂಡತಿಯ ತಮ್ಮ. ಬೇಕರಿಯಕ್ಕ, ಕಟ್ಟಿಕೊಂಡ ಚರಂಡಿಗೆ ತಾನೇ ಕೋಲು ಹಾಕಿದವಳು. ನನ್ನ ಭಾವಮೈದ ಮೂರು ವರ್ಷದಿಂದ ನಮ್ಮ ಸೋಫಾದ ಮೇಲೆ ಮಲಗಿಕೊಂಡೇ ಊರ ಉದ್ಧಾರದ ಮಾತಾಡುವವನು. ಕುಡಿದ ಲೋಟ ಎತ್ತಿಟ್ಟವನಲ್ಲ. ಆದರೆ ತಮ್ಮನೆಂದರೆ ಹೆಂಡತಿಗೆ ಪ್ರಾಣ. ನನ್ನ ಓಟು ಎಲ್ಲಿಗೆ ಹೋಯಿತೆಂದು ಅವಳಿಗೆ ಗೊತ್ತಾದರೆ ನನ್ನ ಹಾಸಿಗೆ ಅಂಗಡಿಯ ಹೊಲಿಗೆ ಯಂತ್ರದ ಪಕ್ಕಕ್ಕೆ ಬರುವುದು ಖಂಡಿತ. ಪುಣ್ಯಕ್ಕೆ ಮತಗಟ್ಟೆಯ ಪರದೆ ಹೊಲಿಯುವ ಕೆಲಸ ದರ್ಜಿಯಾದ ನನ್ನ ಪಾಲಿಗೇ ಬಂದಿತ್ತು. ಎರಡು ಪದರ ಹಾಕಿ, ನೆಲಕ್ಕೆ ತಾಗುವಂತೆ ಹೊಲಿದುಕೊಟ್ಟಿದ್ದೆ.

ಹೆಂಡತಿ ಬೆಳಿಗ್ಗೆಯೇ ಓಟು ಹಾಕಿ ಬಂದಿದ್ದಳು. ನಾನು ಮಧ್ಯಾಹ್ನ ಹೋದೆ. ಬಾಗಿಲಲ್ಲಿ ಭಾವಮೈದ ಹಲ್ಲು ಕಿರಿದ. "ಮನೆಯ ಎರಡು ಓಟು ಜೇಬಲ್ಲೇ ಇದೆ ಅಂತ ಎಲ್ರಿಗೂ ಹೇಳಿದೀನಿ, ಭಾವ."

ಪರದೆಯ ಹಿಂದೆ ಬೇಕರಿಯಕ್ಕನ ಹೆಸರಿನ ಮುಂದೆ ಗೆರೆ ಎಳೆದು, ಕಾಗದ ಮಡಿಚಿ ಹೊರಬಂದೆ. ಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿದ್ದವರು, ನನ್ನನ್ನೂ ಸೇರಿಸಿ ಬೀದಿಯ ಅರ್ಧ ಜನಕ್ಕೆ ಗಣಿತ ಕಲಿಸಿ ನಿವೃತ್ತರಾದ ಟೀಚರ್. ಪಟ್ಟಿಯಲ್ಲಿ ಹೆಸರು ಗುರುತಿಸಲೆಂದು ಕೈಯಲ್ಲಿ ಕೆಂಪು ಪೆನ್ನು. ಆ ಪೆನ್ನು ಕಂಡಿದ್ದೇ ತಡ, ನನ್ನ ಕೈ ತಾನಾಗಿ ಚಾಚಿತು. ಕಾಗದವನ್ನು ಅವರಿಗೇ ಕೊಟ್ಟುಬಿಟ್ಟೆ. ಅವರೂ ಬಿಡಿಸಿ, ನೋಡಿ, ಸರಕ್ಕನೆ ಒಂದು ರೈಟು ಹಾಕಿದರು.

"ಸರಿ ಇದೆ. ಗೆರೆ ಮಾತ್ರ ಇನ್ನೂ ಸೊಟ್ಟ," ಎಂದು ಇಡೀ ವಾಚನಾಲಯಕ್ಕೆ ಕೇಳುವಂತೆ ಹೇಳಿ, ತಾವೇ ಮಡಿಚಿ ಪೆಟ್ಟಿಗೆಗೆ ಹಾಕಿದರು.

ನಾನು ಬಾಗಿಲ ಕಡೆ ಕಳ್ಳನಂತೆ ನೋಡಿದೆ. ಭಾವಮೈದ ಮಾತ್ರ, 'ಸರಿ' ಎಂದರೆ ತನಗೇ ಬಿದ್ದ ಓಟು ಎಂದುಕೊಂಡು ಬಾಗಿಲಿನಿಂದಲೇ ಹೆಬ್ಬೆರಳೆತ್ತಿ ತೋರಿಸಿದ.

ಸಂಜೆ ಎಣಿಕೆಯಾಯಿತು. ಭಾವಮೈದನಿಗೆ ಅರವತ್ತೆರಡು, ಬೇಕರಿಯಕ್ಕನಿಗೆ ಅರವತ್ತೊಂದು. ಕೆಂಪು ಗುರುತು ಬಿದ್ದಿದ್ದರಿಂದ ಎರಡು ಓಟು ರದ್ದು, ಎರಡೂ ಬೇಕರಿಯಕ್ಕನವೇ. ಟೀಚರ್ ಕನ್ನಡಕ ಒರೆಸುತ್ತಾ, "ಅಭ್ಯಾಸ ಬಲ ಕಣ್ರಪ್ಪ," ಎಂದರು. ಒಂದು ನನ್ನದು, ಸರಿ. ಇನ್ನೊಬ್ಬ ಪೆದ್ದ ಯಾವನೋ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಮನೆಗೆ ಬಂದರೆ ಭಾವಮೈದ ಆಗಲೇ ಸೋಫಾದ ಮೇಲೆ ಕಾಲು ಚಾಚಿದ್ದ. "ಒಂದೇ ಓಟು ನೋಡಿ! ನೀವಿಬ್ರು ಇಲ್ದಿದ್ರೆ ನಾನು ಗೆಲ್ತಾನೇ ಇರ್ಲಿಲ್ಲ. ಅಕ್ಕಾ, ಇನ್ನೊಂದು ಟೀ!"

ನಾನು ಮೆಲ್ಲಗೆ ಅಡುಗೆಮನೆಗೆ ಜಾರಿಕೊಂಡೆ. ಹೆಂಡತಿ ಬೆನ್ನು ಹಾಕಿ ಟೀ ಸೋಸುತ್ತಿದ್ದಳು.

"ಟೀಚರ್ ನಿಮ್ಮ ಗೆರೆ ಸೊಟ್ಟ ಅಂದ್ರಂತೆ?"

"ಹೂಂ," ಎಂದೆ.

ಅವಳು ಸೋಸುವುದನ್ನು ನಿಲ್ಲಿಸಲಿಲ್ಲ. "ನಂದು ನೆಟ್ಟಗಿದೆ ಅಂದ್ರು."