ಬಾಳೆಬುಡಕ್ಕೆ ಸುರಿದ ನೀರು

ತಪ್ಪು ಹನುಮವ್ವನದೇ. ಪಾತ್ರೆ ತೊಳೆದ ನೀರನ್ನೂ ಗಿಡಕ್ಕೆ ಹಾಕುವ ಕೊಪ್ಪಳದ ಕಡೆಯವಳು. ಗಂಡನ ಹೊಟ್ಟೆಯಿಂದ ಇಳಿದ ನೀರನ್ನು ಕಕ್ಕಸಿಗೆ ಸುರಿಯಲು ಕೈ ಬರಬೇಕಲ್ಲ! ಸೆಂಟ್ರಿಂಗ್ ಕೆಲಸದ ಈಶಪ್ಪನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಉಡುಪಿ ಬಳಿಯ ಅಲೆವೂರಿನ ಬಾಡಿಗೆ ಕೋಣೆಯಲ್ಲೇ ಡಯಾಲಿಸಿಸ್ ನಡೆಯುತ್ತಿತ್ತು. ಹೊಟ್ಟೆಗೆ ಹಾಕಿದ ಕೊಳವೆಯಿಂದ ದಿನಕ್ಕೆ ನಾಲ್ಕು ಸಲ ಹಳೆಯ ನೀರು ಇಳಿಸಿ ಹೊಸ ಔಷಧಿ ನೀರು ತುಂಬಬೇಕು. ಇಳಿಸಿದ್ದನ್ನು ಅವಳು ಬಾವಿಯ ಪಕ್ಕದ ಬಾಳೆಬುಡಕ್ಕೆ ಸುರಿದಳು. ಮನೆಯೊಡತಿ ಆಸಿಯಮ್ಮ ಅದನ್ನು ಕಂಡರು.

ಅಷ್ಟೇ ಸಾಕಾಯಿತು. ರೋಗದ ನೀರು ಬಾವಿಗೆ ಇಳಿಯಿತೆಂದು ಅವರು ಹೌಹಾರಿ ದುಬೈಯಲ್ಲಿದ್ದ ಮಗ ಝಾಕಿರನಿಗೆ ಫೋನ್ ಮಾಡಿದರು. ಶುಕ್ರವಾರದೊಳಗೆ ಕೋಣೆ ಖಾಲಿಯಾಗಬೇಕೆಂದು ಅಲ್ಲಿಂದಲೇ ಹುಕುಂ ಬಂತು. ದೂರದಲ್ಲಿ ಕುಳಿತವರಿಗೆ ಎಲ್ಲವೂ ಸಲೀಸು.

ಹನುಮವ್ವ ಗಂಟುಮೂಟೆ ಕಟ್ಟತೊಡಗಿದಳು. ಮನೆಯೊಡೆಯರು ಹೋಗು ಎಂದರೆ ಹೋಗುವುದು, ಅವಳಿಗೆ ಗೊತ್ತಿದ್ದ ಕಾನೂನು ಅಷ್ಟೇ. ಆದರೆ ಹೋಗುವುದೆಲ್ಲಿಗೆ? ಕಟ್ಟಡ ಕೆಲಸದವರ ಶೆಡ್ಡಿನ ಧೂಳಿನಲ್ಲಿ ಕೊಳವೆ ಬಿಚ್ಚಿದರೆ ನಂಜೇರಿ ಈಶಪ್ಪ ಉಳಿಯುವುದಿಲ್ಲ.

ಕೊಳವೆ ನೋಡಲು ಬಂದ ನರ್ಸ್ ಶರೋನ್ ಗಂಟು ಕಂಡು, ವಿಷಯ ಕೇಳಿ ರೇಗಿದಳು.

“ಎಂತ ಹನುಮವ್ವ ಇದು? ಕಾಯಿಲೆಯವರನ್ನು ಮನೆ ಬಿಡಿಸಲೇಬಾರದು ಅಂತ ಕಾನೂನು ಇಲ್ಲ, ಸರಿ. ಆದ್ರೆ ನೋಟಿಸ್ ಕೊಡಬೇಕು, ಕೋರ್ಟಿನ ಆರ್ಡರ್ ಬೇಕು. ಹೀಗೆ ಕಾಯಿಲೆ ಉಂಟು, ಸಮಯ ಕೊಡಿ ಅಂತ ನೀವು ಅಲ್ಲಿ ಕೇಳಬಹುದು. ಉಡುಪಿ ಕೋರ್ಟಿನಲ್ಲಿ ಬಡವರಿಗೆ ಫ್ರೀ ವಕೀಲರನ್ನು ಕೊಡ್ತಾರೆ ಮಾರಾಯ್ರೇ!”

ಹನುಮವ್ವನಿಗೆ ಹೋದ ಜೀವ ಬಂದ ಹಾಗಾಯಿತು. ಈಶಪ್ಪ ಮಾತ್ರ ಬೇಡವೆಂದು ತಲೆಯಾಡಿಸಿದ.

“ಕೋರ್ಟಿಗೆ ಆಮ್ಯಾಲೆ ಹೋಗೂಣು. ಆ ಅಮ್ಮ ಅಂಜ್ಯಾಳ. ಅಂಜಿದಾಕಿಗೆ ಕಾನೂನ್ ಹೇಳಿದ್ರ ಅಂಜಿಕಿ ಹೋಗತೈತೇನು?”

ಗೋಡೆ ಹಿಡಿದು ಬಾವಿಯವರೆಗೆ ನಡೆದ. ಜಗಲಿಯಲ್ಲಿದ್ದ ಆಸಿಯಮ್ಮ ಎದ್ದು ನಿಂತರು.

“ತಪ್ಪಾತ್ರೀ ಅಮ್ಮಾರ. ಇನ್ನ ಮ್ಯಾಲೆ ಇಲ್ಲಿ ಚೆಲ್ಲೂದಿಲ್ಲ. ಬಾವಿ ಕೆಟ್ಟಿದ್ರ ಮೊದಲು ಸಾಯಾಂವ ನಾನು, ನೋಡ್ರಿ.”

ಬಾವಿಕಟ್ಟೆಯ ಮೇಲೆ ಸೇದಿಟ್ಟಿದ್ದ ಕೊಡದಿಂದ ಲೋಟ ತುಂಬಿದ. “ಕುದಿಸದ ನೀರು, ಬೇಡ!” ಎಂದು ಶರೋನ್ ಓಡಿ ಬರುವಷ್ಟರಲ್ಲಿ ಎರಡು ಲೋಟ ಗಟಗಟನೆ ಕುಡಿದಾಗಿತ್ತು. ಹನುಮವ್ವ ಸೆರಗಿನಲ್ಲಿ ಮುಖ ಮುಚ್ಚಿ ಅತ್ತುಬಿಟ್ಟಳು.

“ಎಂತಕ್ಕೆ ಅಳುವುದು? ನೀರಲ್ವಾ ಕುಡಿದದ್ದು?” ಎಂದರು ಆಸಿಯಮ್ಮ.

“ಕಿಡ್ನಿ ಹೋದ ಅವರಿಗೆ ದಿನಕ್ಕೆ ಎರಡೇ ಲೋಟ ನೀರು ಅಮ್ಮಾ,” ಎಂದಳು ಶರೋನ್. “ಇನ್ನು ನಾಳೆ ಬೆಳಿಗ್ಗೆಯೇ.”

ಆಸಿಯಮ್ಮ ಈಶಪ್ಪನ ಒಣಗಿದ ತುಟಿಯನ್ನೇ ನೋಡುತ್ತ ನಿಂತರು. ಆಮೇಲೆ ಮಗನಿಗೆ ಫೋನ್ ಮಾಡಿ, ಕೋಣೆ ಖಾಲಿಯಾಗುವುದಿಲ್ಲ ಎಂದು ಬ್ಯಾರಿ ಭಾಷೆಯಲ್ಲಿ ಎರಡೇ ಮಾತು ಹೇಳಿ ಇಟ್ಟರು. ಹನುಮವ್ವನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

“ನಮ್ಮ ಉಪವಾಸ ಬಿಡಲು ಸಂಜೆ ಮಸೀದಿಯ ಬಾಂಗ್ ಆದ್ರೂ ಉಂಟು. ಇವನದ್ದು ಯಾವಾಗ ಮುಗಿಯುವುದು, ಮಗಳೇ?”